ಕ್ರೇನ್ ಕೃಷ್ಣಸ್ವಾಮಿ ಮತ್ತು ಉಸಿರಿನ ಮಷೀನು

ಮರ್ಫಿ ಟೌನಿನಲ್ಲಿ ಕೃಷ್ಣಸ್ವಾಮಿ ಮನೆ ಎಲ್ಲಿ ಅಂತ ಕೇಳಿದರೆ, ಯಾವ ಕೃಷ್ಣಸ್ವಾಮಿ ಅನ್ನುತ್ತಿದ್ದರು. ಕ್ರೇನ್ ಕೃಷ್ಣಸ್ವಾಮಿ ಅಂದರೆ ಮಾತ್ರ ಮಕ್ಕಳೂ ಕೈ ತೋರಿಸುತ್ತಿದ್ದವು. ಕೆ.ಆರ್. ಪುರದ ಆಚೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅವರದು ಕ್ರೇನ್ ನಡೆಸುವ ಕೆಲಸ. ಶೆಡ್ಡಿನ ಚಾವಣಿಗೆ ತಾಗಿದಂತೆ ಹಳಿಗಳ ಮೇಲೆ ಓಡಾಡುವ ಕ್ರೇನು, ಅದಕ್ಕೆ ಜೋತುಬಿದ್ದ ಗಾಜಿನ ಗೂಡು, ಅದರೊಳಗೆ ಅವರ ಕುರ್ಚಿ. ಕೆಳಗೆ ಪೀರಪ್ಪ ಎಂಬಾತ ಕಬ್ಬಿಣದ ಅಚ್ಚಿಗೆ ಸರಪಳಿ ಬಿಗಿದು ಕೈ ಎತ್ತಿದರೆ ಇವರು ಮೇಲಕ್ಕೆತ್ತಬೇಕು, ಅಂಗೈ ಚಾಚಿದರೆ ನಿಲ್ಲಿಸಬೇಕು. ಆ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಕಣ್ಣೇ ಎಲ್ಲ.

೨೦೦೩ರ ಬೇಸಿಗೆಯ ಒಂದು ಮಧ್ಯಾಹ್ನ ಆ ಕಣ್ಣು ಮುಚ್ಚಿಕೊಂಡಿತು. ಊಟ ಮಾಡಿ ಮೇಲೆ ಹತ್ತಿದ್ದರು. ಅಚ್ಚೊಂದನ್ನು ಎತ್ತಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಕೆಳಗೆ ಪೀರಪ್ಪ ಎರಡೂ ಕೈ ಬೀಸುತ್ತ ಬಾಯಿ ದೊಡ್ಡದು ಮಾಡಿ ಕೂಗುತ್ತಿದ್ದ. ಅಚ್ಚು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಇಳಿದು ಬಂದ ಮೇಲೆ "ಸೆಕೆಗೆ ತಲೆ ಸುತ್ತಿದಂಗಾಯ್ತು ಕಣೋ" ಅಂದರು. ಪೀರಪ್ಪ ಅವರ ಮುಖ ನೋಡಿ, ಕುಡಿಯಲು ನೀರು ತಂದುಕೊಟ್ಟ.

ಮನೆಯಲ್ಲಿ ಹೆಂಡತಿ ರಮಾಮಣಿಗೆ ಮಾತ್ರ ನಿಜ ಹೇಳಿದರು. ಆಕೆಗೂ ಹೇಳುವುದೊಂದಿತ್ತು. "ನಿಮ್ಮ ಗೊರಕೆಗೆ ನಾನು ಹೆದರಲ್ಲ ರೀ. ಅದು ನಿಂತಾಗ ಹೆದರ್ತೀನಿ. ಪೂರ್ತಿ ನಿಶ್ಶಬ್ದ ಆಗ್ಬಿಡುತ್ತೆ. ಆಮೇಲೆ ನೀರಲ್ಲಿ ಮುಳುಗಿದೋರು ಮೇಲೆ ಬಂದಂಗೆ ಎಳ್ಕೋತೀರಿ."

ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ ವೈರು ಅಂಟಿಸಿ ಮಲಗಿಸಿದರು. ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ ಅಂದರು ಡಾಕ್ಟರು. "ನಿದ್ದೆ ಹತ್ತಿದ ಕೂಡ್ಲೆ ನಿಮ್ಮ ಗಂಟಲು ಮುಚ್ಕೊಳ್ಳುತ್ತೆ, ಉಸಿರು ನಿಲ್ಲುತ್ತೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ. ಬೆಳಗಿನ ತನಕ ಇದೇ ಕಥೆ. ನೀವು ಮಲಗ್ತಿದ್ದೀರಿ, ನಿದ್ದೆ ಮಾಡ್ತಿಲ್ಲ." ಅದಕ್ಕೆ ಔಷಧಿ ಇಲ್ಲ, ಮಷೀನು. ಮೂಗಿಗೆ ಮಾಸ್ಕು ಕಟ್ಟಿಕೊಂಡರೆ ಕೊಳವೆಯಿಂದ ಒಂದೇ ಸಮ ಗಾಳಿ ಬಂದು ಗಂಟಲನ್ನು ತೆರೆದಿಡುತ್ತದೆ. ಗಾಳಿಯ ಒತ್ತಡ ಹನ್ನೊಂದಿರಬೇಕು ಅಂತ ಬರೆದುಕೊಟ್ಟರು.

ಇಂದಿರಾನಗರದ ಒಂದು ಏಜೆನ್ಸಿ ತಿಂಗಳ ಬಾಡಿಗೆಗೆ ಮಷೀನು ಕೊಟ್ಟಿತು. ಅಲ್ಲಿನ ಮ್ಯಾನೇಜರ್ ಅಭಿನವ್ ತಾನೇ ಮನೆಗೆ ಬಂದು ಜೋಡಿಸಿಕೊಟ್ಟ. ಒಂದು ವಾರಕ್ಕೆ ಕೃಷ್ಣಸ್ವಾಮಿ ಬೇರೆ ಮನುಷ್ಯನಾದರು. ಬೆಳಿಗ್ಗೆ ತಲೆನೋವಿಲ್ಲ, ಬಸ್ಸಿನಲ್ಲಿ ತೂಕಡಿಕೆಯಿಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಅನ್‌ಫಿಟ್ ಅಂತ ಇಳಿಸಿಬಿಟ್ಟರೆ?

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಏಜೆನ್ಸಿಯವರು ಸರ್ವೀಸಿಗೆಂದು ಮಷೀನು ಒಯ್ದು, ಬದಲಿಗೆ ಇನ್ನೊಂದು ತಂದಿಟ್ಟರು. ಅದರ ಸದ್ದೇ ಬೇರೆ, ಗಾಳಿಯೂ ತೆಳು. ಬೆಳಿಗ್ಗೆ ಎದ್ದು ನೋಡಿದರೆ ಮಾಸ್ಕಿನೊಳಗೆ ಮಸಿಯಂಥ ಕರಿ ಪುಡಿ. ಫೋನ್ ಮಾಡಿದರೆ ಅಭಿನವ್, "ಸರ್, ನಿಮ್ಮ ಏರಿಯಾದಲ್ಲಿ ಧೂಳು ಜಾಸ್ತಿ. ಒದ್ದೆ ಬಟ್ಟೇಲಿ ಒರೆಸಿ ಸರ್" ಅಂದ. ಇನ್ನೊಮ್ಮೆ ಮಾಡಿದಾಗ ದನಿ ಬದಲಾಗಿತ್ತು. "ಸಮಾಧಾನ ಇಲ್ಲ ಅಂದ್ರೆ ವಾಪಸ್ ಕೊಟ್ಬಿಡಿ ಸರ್. ವೆಯ್ಟಿಂಗಲ್ಲಿ ತುಂಬ ಜನ ಇದ್ದಾರೆ."

ವಾಪಸ್ ಕೊಟ್ಟರೆ ಬೇರೆ ಮಷೀನು ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಹಾಕಿಕೊಂಡರೆ ಆ ಕರಿ ಪುಡಿ ಪುಪ್ಪುಸಕ್ಕೆ ಹೋಗುತ್ತದೆ, ಹಾಕಿಕೊಳ್ಳದಿದ್ದರೆ ಉಸಿರೇ ನಿಲ್ಲುತ್ತದೆ. ಬಾಯಿ ಮುಚ್ಚಿಕೊಂಡು ಹಾಕಿಕೊಂಡರು. ಹಗಲಿನ ತೂಕಡಿಕೆ ಮರಳಿ ಬಂತು. ಗಾಜಿನ ಗೂಡಿನಲ್ಲಿ ತೊಡೆ ಚಿವುಟಿಕೊಳ್ಳುವರು, ಹಸಿಮೆಣಸಿನಕಾಯಿ ಕಚ್ಚುವರು. ಪೀರಪ್ಪನ ಹಳದಿ ಹೆಲ್ಮೆಟ್ಟು ಕೆಳಗೆ ಕಂಡಾಗಲೆಲ್ಲ ಇನ್ನೊಂದು ಸಲ ಚಿವುಟಿಕೊಳ್ಳುವರು.

ರಮಾಮಣಿ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯ ಬಟ್ಟೆ ಅಂಗಡಿಯೊಂದಕ್ಕೆ ಸೀರೆಯ ಫಾಲ್ ಹೊಲಿದು ಕೊಡುತ್ತಿದ್ದರು. ಅಂಗಡಿ ಇನಾಯತ್ ಉಲ್ಲಾ ಸಾಹೇಬರದು. ಒಂದು ದಿನ ಹೊಲಿದ ಸೀರೆಗಳನ್ನು ಕೊಡುವಾಗ ಆಕೆ ಗಂಡನ ಮಷೀನಿನ ಕಥೆ ಹೇಳಿಕೊಂಡು ಅತ್ತರು. ಕೇಳಿಸಿಕೊಂಡ ಸಾಹೇಬರು ಗಲ್ಲಾದಿಂದ ಎದ್ದೇ ಬಿಟ್ಟರು. "ಅರೆ, ನಾನೂ ಅದೇ ಮಷೀನು ಹಾಕ್ಕೊಂಡೇ ಮಲಗೋದಮ್ಮ! ಶಿವಾಜಿನಗರದಲ್ಲಿ ಹಾಶಿಮ್ ಅಂತ ಇದಾನೆ, ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಕೊಡ್ತಾನೆ, ಈ ಮಷೀನೂ ಇಟ್ಟಿದಾನೆ. ಯಜಮಾನರನ್ನ ಕಳಿಸಿ. ನನ್ನ ಹೆಸರು ಹೇಳಿ."

ಆ ಭಾನುವಾರ ಕೃಷ್ಣಸ್ವಾಮಿ ಮಷೀನನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದರು. ಹಾಶಿಮ್ ಅದರ ಬಾಯಿಗೆ ಒಂದು ಮೀಟರು ಸಿಕ್ಕಿಸಿ ನೋಡಿದ.

"ಡಾಕ್ಟರ್ ಎಷ್ಟು ಬರೆದಿದ್ದಾರೆ ಅಂಕಲ್?"

"ಹನ್ನೊಂದು."

"ಇದರಲ್ಲಿ ಏಳಿದೆ. ಬೇರೆ ಯಾರದೋ ನಂಬರು. ಏರಿಸಿದ್ರೂ ಏರ್ತಿಲ್ಲ, ಮೋಟರ್ ಸೋತಿದೆ. ಒಳಗಿನ ಸ್ಪಂಜು ಪುಡಿಪುಡಿ ಆಗಿದೆ. ಇದನ್ನ ಹಾಕ್ಕೋಬೇಡಿ ಅಂಕಲ್."

"ಹಾಗಾದ್ರೆ ನೀವೇ ಇವತ್ತೇ ಒಂದು ಕೊಟ್ಬಿಡಿ."

"ನನ್ನ ಹತ್ರ ಈಗ ಇಲ್ಲ. ಚೆನ್ನೈಯಿಂದ ತರಿಸ್ಬೇಕು, ಈ ವಾರ ಪೂರ್ತಿ ಹಿಡಿಯುತ್ತೆ. ಡಾಕ್ಟರ್ ಹತ್ರ ಹೊಸದಾಗಿ ಬರೆಸ್ಕೊಂಡೂ ಬನ್ನಿ. ಹಳೇ ನಂಬರ್ ನಂಬಿ ಕೊಡಲ್ಲ ನಾನು."

ಕೃಷ್ಣಸ್ವಾಮಿ ಹೊಸದು ಬರುವ ತನಕ ಅರೆಗಾಳಿಯಾದರೂ ಇರಲಿ ಅಂತ ಹಳೆಯದನ್ನು ಮನೆಗೆ ತಂದರು. ಮುಂಚಿತವಾಗಿ ತಿಳಿಸುವುದು ಧರ್ಮ ಅಂತ ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಏಜೆನ್ಸಿಗೆ ಫೋನ್ ಮಾಡಿ, ಈ ತಿಂಗಳ ಕೊನೆಗೆ ಬಾಡಿಗೆ ನಿಲ್ಲಿಸುತ್ತೇವೆ ಅಂದರು. ಸಂಜೆ ಬಂದು ನೋಡಿದರೆ ಮಂಚದ ಪಕ್ಕದ ಸ್ಟೂಲು ಖಾಲಿ.

"ಏಜೆನ್ಸಿಯವರು ಬಂದಿದ್ರು. ಸರ್ವೀಸಿಗೆ ಅಂದ್ರು ರೀ, ಕೊಟ್ಟೆ" ಅಂದರು ರಮಾಮಣಿ. ಗಂಡನ ಮುಖ ನೋಡಿದ ಮೇಲೆ, ಅದು ಇನ್ನು ವಾಪಸ್ ಬರುವುದಿಲ್ಲ ಅಂತ ಆಕೆಗೂ ಅರ್ಥವಾಯಿತು. ಏಜೆನ್ಸಿಯ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಆ ರಾತ್ರಿ ಗೋಡೆಗೊರಗಿ ಕೂತೇ ಕಳೆದರು. ಬೆಳಿಗ್ಗೆ ಶೆಡ್ಡಿಗೆ ಹೋಗಿ ಏಣಿ ಹತ್ತಿದರು. ಪೀರಪ್ಪ ಸರಪಳಿ ಬಿಗಿದು ಕೈ ಎತ್ತಿದ. ಇವರ ಕೈ ಹಿಡಿಕೆಯ ಮೇಲಿತ್ತು, ಅದುಮಲಾಗಲಿಲ್ಲ. ಪೀರಪ್ಪ ಮತ್ತೆ ಕೈ ಎತ್ತಿದ. ಕೆಳಗೆ ಆ ಹೆಲ್ಮೆಟ್ಟಿನ ಪಕ್ಕ ಇನ್ನೂ ನಾಲ್ಕಾರು ಜನ ಓಡಾಡುತ್ತಿದ್ದರು. ರೆಪ್ಪೆ ಭಾರವಾಗಿ ಇಳಿಯುತ್ತಿರುವುದು ಅವರಿಗೇ ಗೊತ್ತಾಗುತ್ತಿತ್ತು. ಸ್ವಿಚ್ಚು ಆರಿಸಿ, ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು.

ಫೋರ್‌ಮನ್ ಮುನಿಕೃಷ್ಣಪ್ಪನವರ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು. ಕಾಯಿಲೆ, ಮಷೀನು, ಆ ಬೇಸಿಗೆಯ ಮಧ್ಯಾಹ್ನ. ಮುನಿಕೃಷ್ಣಪ್ಪ ಅವರ ಕೈಗೆ ರಜಾ ಅರ್ಜಿಯ ಹಾಳೆ ಕೊಟ್ಟು, "ರಜಾ ಹಾಕಿ ಮನೆಗೆ ಹೋಗ್ರಿ. ಕಾರ್ಖಾನೆ ಡಾಕ್ಟರ್ ಬರೆದುಕೊಡೋ ತನಕ ಏಣಿ ಮುಟ್ಬೇಡಿ. ಮುಂದಿಂದು ನನ್ನ ಕೈಲಿಲ್ಲ" ಅಂದರು.

ಗೇಟಿನ ಹತ್ತಿರ ಪೀರಪ್ಪ ಹಿಂದಿನಿಂದ ಬಂದ. "ಅಣ್ಣ, ನಂಗೆ ಅವತ್ತೇ ಗೊತ್ತಾಗಿತ್ತು. ನಿಮ್ಮ ತಲೆ ವಾಲಿದ್ದು ಕಂಡಿದ್ದೆ. ಅವತ್ತಿಂದ ನಾನು ಅಚ್ಚಿನ ಹತ್ರ ನಿಲ್ತಿರ್ಲಿಲ್ಲ. ಸರಪಳಿ ಬಿಗಿದು ಕಂಬದ ಹಿಂದಕ್ಕೆ ಹೋಗಿ ಕೈ ಮಾತ್ರ ಆಚೆ ಚಾಚಿ ತೋರಿಸ್ತಿದ್ದೆ."

"ಯಾಕೋ ಹೇಳ್ಲಿಲ್ಲ?"

"ನಿಮ್ಮ ಕೆಲಸ ಹೋಗುತ್ತೆ ಅಂತ ಹೆದರಿಕೆ ಅಣ್ಣ."

ಕೃಷ್ಣಸ್ವಾಮಿ ಇಷ್ಟು ದಿನ ತಾನೊಬ್ಬನೇ ಹೆದರುತ್ತಿದ್ದೇನೆ ಅಂದುಕೊಂಡಿದ್ದರು.

ಆಮೇಲಿನ ದಿನಗಳೇ ಕಷ್ಟದವು. ಡಾಕ್ಟರು ಹೊಸದಾಗಿ ಬರೆದುಕೊಟ್ಟರು, ಚೆನ್ನೈಯಿಂದ ಮಷೀನು ಮಾತ್ರ ಇನ್ನೂ ಬಂದಿರಲಿಲ್ಲ. ಕೃಷ್ಣಸ್ವಾಮಿಗೆ ಹಗಲಲ್ಲೂ ಮಲಗಲು ಹೆದರಿಕೆ. ಕುರ್ಚಿಯಲ್ಲಿ ಕೂತಿರುವಾಗಲೇ ನಿದ್ದೆ ಎಳೆಯುತ್ತಿತ್ತು. ರಮಾಮಣಿ ಪಕ್ಕದಲ್ಲೇ ಸೀರೆ ಹರಡಿಕೊಂಡು ಫಾಲ್ ಹೊಲಿಯುವರು. ಗೊರಕೆ ಶುರುವಾಗಿ, ಏರಿ, ಥಟ್ಟನೆ ನಿಲ್ಲುವುದು. ಸೂಜಿ ಅಲ್ಲೇ ನಿಲ್ಲಿಸಿ ಕಾಯುವರು. ಉಸಿರು ಬರದಿದ್ದರೆ ಭುಜ ಹಿಡಿದು ಅಲ್ಲಾಡಿಸುವರು. ಒಮ್ಮೆ ಎಷ್ಟು ಅಲ್ಲಾಡಿಸಿದರೂ ಅವರು ಕಣ್ಣು ಬಿಡಲಿಲ್ಲ, ತುಟಿ ನೀಲಿಯಾಗಿತ್ತು. ಆಕೆ "ಅಯ್ಯೋ, ಏಳ್ರೀ!" ಎಂದು ಚೀರಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದರು. ಅಷ್ಟರಲ್ಲಿ ದೊಡ್ಡದಾಗಿ ಉಸಿರೆಳೆದುಕೊಂಡು ಎದ್ದ ಕೃಷ್ಣಸ್ವಾಮಿ, ಮನೆ ತುಂಬ ಜನ ಯಾಕೆ ನಿಂತಿದ್ದಾರೆಂದು ತಿಳಿಯದೆ ಪಿಳಿಪಿಳಿ ನೋಡಿದರು. ಆ ದಿನ ಆಕೆ ಮತ್ತೆ ಸೂಜಿ ಹಿಡಿಯಲಿಲ್ಲ.

ಶನಿವಾರ ಸಂಜೆ ಹಾಶಿಮ್ ಸ್ಕೂಟರಿನ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಬಂದ. ಕೊಟ್ಟು ಹಾಗೇ ಹೊರಟುಬಿಡಲಿಲ್ಲ. ಮೂರು ಅಳತೆಯ ಮಾಸ್ಕು ತಂದಿದ್ದ, ಒಂದೊಂದನ್ನೂ ಕಟ್ಟಿ, "ಈಗ ಮಲಗಿ ಅಂಕಲ್. ಈ ಕಡೆ ತಿರುಗಿ. ಗಾಳಿ ಕಣ್ಣಿಗೆ ಹೊಡೀತಿದೆಯಾ?" ಅಂತ ಕೇಳಿ ಕೇಳಿ ಪಟ್ಟಿ ಸರಿಮಾಡಿದ. ಮೀಟರು ಹಾಕಿ, ಹನ್ನೆರಡು ಅಂತ ಅವರಿಗೇ ತೋರಿಸಿದ. ಈ ಸಲ ಡಾಕ್ಟರು ಬರೆದದ್ದು ಅಷ್ಟೇ.

"ಕರೆಂಟ್ ಹೋದ್ರೆ?" ಅಂತ ರಮಾಮಣಿ ಕೇಳಿದರು.

"ಬ್ಯಾಟರಿ ಕೊಡ್ತೀನಮ್ಮ. ಇದು ನನ್ನ ನಂಬರು, ಇದು ನನ್ನ ತಂಗಿ ರಿಮ್ಶಾಂದು. ನಾನು ಎತ್ತದಿದ್ರೆ ಅವಳು ಎತ್ತುತ್ತಾಳೆ."

ಅವನು ಟೀ ಕುಡಿದು ಮುಗಿಸುವಷ್ಟರಲ್ಲಿ ಕೃಷ್ಣಸ್ವಾಮಿಗೆ ಮಾಸ್ಕಿನಲ್ಲೇ ನಿದ್ದೆ ಹತ್ತಿತ್ತು. ರಮಾಮಣಿ ಅಭ್ಯಾಸಬಲದಿಂದ ಅವರ ಎದೆಯ ಮೇಲೆ ಕೈಯಿಟ್ಟು ನೋಡಿದರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೂ ಕೈ ತೆಗೆಯಲು ಆಕೆಗೆ ಧೈರ್ಯ ಬರಲಿಲ್ಲ.

ಕೆಲವು ತಿಂಗಳ ನಂತರ ಕಾರ್ಖಾನೆಯ ಡಾಕ್ಟರು ಫಿಟ್ ಅಂತ ಬರೆದರು. ಕೃಷ್ಣಸ್ವಾಮಿ ಮೇಲೆ ಹತ್ತಿ ಒಂದು ಅಚ್ಚು ಎತ್ತಿ, ಸರಿಯಾದ ಜಾಗದಲ್ಲಿಟ್ಟು ಇಳಿದುಬಂದರು. ಸಾಕು, ಇನ್ನು ಕೆಳಗಿನ ಕೆಲಸ ಕೊಡಿ ಅಂದರು. ಕಣ್ಣು ಚೆನ್ನಾಗಿಯೇ ತೆರೆದಿತ್ತು, ಭಯ ಮಾತ್ರ ಹೋಗಿರಲಿಲ್ಲ. ಪೀರಪ್ಪನ ಜೊತೆ ಸರಪಳಿ ಬಿಗಿಯುವ ಕೆಲಸಕ್ಕೆ ಹಾಕಿದರು. ಮೇಲಿನ ಕುರ್ಚಿಗೆ ಅಮೀರ್ ಎಂಬಾತ ಬಂದ.

ಪ್ರತಿದಿನ ಅಮೀರ್ ಏಣಿ ಹತ್ತುವ ಮುಂಚೆ ಕೃಷ್ಣಸ್ವಾಮಿ ಕೇಳುವರು: "ನಿದ್ದೆ ಆಯ್ತೇನಪ್ಪ?" ಮೊದಮೊದಲು ಅಮೀರ್ ನಗುತ್ತಿದ್ದ. ಒಂದು ದಿನ ನಗಲಿಲ್ಲ. "ಇಲ್ಲ ಅಣ್ಣ, ಮಗಳಿಗೆ ಜ್ವರ ಇತ್ತು" ಅಂದ. ಕೃಷ್ಣಸ್ವಾಮಿ ಹೋಗಿ ಮುನಿಕೃಷ್ಣಪ್ಪನವರ ಹತ್ತಿರ ಮಾತಾಡಿದರು. ಆ ದಿನ ದೊಡ್ಡ ಅಚ್ಚುಗಳನ್ನು ಎತ್ತಲಿಲ್ಲ.