ಹಸಿ ಕಸ

ನಮ್ಮ ಬೀದಿಯ ಕಸದ ಮೇಸ್ತ್ರಿಗೆ ಲೋಕದಲ್ಲಿರುವುದು ಎರಡೇ ಬಗೆಯ ವಸ್ತು: ಹಸಿ ಮತ್ತು ಒಣ. ಲಾರಿಗಿಂತ ಮೊದಲು ಅವರ ಗಂಟಲು ಬೀದಿಗೆ ಬರುತ್ತದೆ. ತರಕಾರಿ ಸಿಪ್ಪೆಯ ಜೊತೆ ಹಳೇ ಚಪ್ಪಲಿಯನ್ನೂ ಡಬ್ಬಿಗೆ ಹಾಕಿದ ಎದುರುಮನೆಯ ಸ್ಕೂಲ್ ಮೇಷ್ಟ್ರನ್ನೇ, "ಏನ್ ಸಾರ್, ಊಟಕ್ಕೂ ಚಪ್ಪಲಿ ಕಲಸ್ಕೋತೀರಾ?" ಎಂದು ಕೇಳಿ, ನಗುತ್ತಲೇ ಡಬ್ಬಿಯನ್ನು ವಾಪಸ್ಸು ಕೈಗಿಟ್ಟವರು ಅವರು. ಆಕಾಶದಿಂದ ನಕ್ಷತ್ರ ಉದುರಿದರೂ ಹಿಚುಕಿ ನೋಡಿ, ಯಾವ ಡ್ರಮ್ಮಿಗೆ ಎಂದು ತೀರ್ಮಾನಿಸಿಯಾರು. ನಗರಸಭೆಯ ದೂರಿನ ಫಾರಂನಲ್ಲಿಯೂ ಆ ಎರಡೇ ಕಾಲಂ. ಬೀದಿಯಲ್ಲಿ ಸತ್ತ ಬೆಕ್ಕು, ನಾಯಿ, ಕಾಗೆ ಎಲ್ಲವೂ ಹಸಿ. ಆದರೆ ಪ್ರಾಣಿಯನ್ನು ಎತ್ತುವ ಮುಂಚೆ ಅವರು ಗ್ಲೌಸು ಕಳಚಿ, ಮಂಡಿಯೂರಿ, ಅದರ ಮೂಗಿನ ಮುಂದೆ ಮುಂಗೈ ಹಿಡಿದು ಮೂವತ್ತರವರೆಗೆ ಎಣಿಸುತ್ತಾರೆ. ಒಮ್ಮೆ ಮುಚ್ಚಿದ ಡ್ರಮ್ಮಿನೊಳಗಿಂದ ಕೂಗು ಕೇಳಿದ ಮೇಲೆ ಬಂದ ಅಭ್ಯಾಸವಂತೆ. ಲಾರಿ ಡ್ರೈವರ್, "ಅಣ್ಣಾ, ಅದೇನ್ ನಿಮ್ಮ ಮಾವನಾ? ಎತ್ತಿ ಹಾಕಿ" ಎಂದು ಕೂಗಿದರೂ ಎಣಿಕೆ ತಪ್ಪುವುದಿಲ್ಲ. ಮೊನ್ನೆ ಗೇಟಿನ ಬಳಿ ಬಿದ್ದಿದ್ದ ಕಂದು ನಾಯಿಯ ಬಗ್ಗೆ ಫೋನು ಮಾಡಿ, ಹಸಿ ಕಸ ಎಂದು ಬರೆಸಿದವಳು ನಾನು. ಪ್ರಯೋಗಾಲಯದಲ್ಲಿ ಒಂದು ಹನಿಯನ್ನೂ ಎರಡು ಸಲ ಅಳೆಯುವವಳು, ಮೂರನೇ ಮಹಡಿಯ ಕಿಟಕಿಯಿಂದಲೇ ಅದು ಸತ್ತಿದೆಯೆಂದು ತೀರ್ಮಾನಿಸಿದ್ದೆ. ಲಾರಿ ಬಂದಾಗ ಕೆಳಗಿಳಿದು ಗೇಟಿನ ಬಳಿ ನಿಂತೆ. ಅವರ ಎಣಿಕೆ ಹನ್ನೊಂದಕ್ಕೇ ನಿಂತಿತು. ನಾಯಿಯನ್ನು ಗೋಣಿಚೀಲದ ಮೇಲೆ ಮೆಲ್ಲಗೆ ಸರಿಸಿ, "ಉಸಿರಾಡ್ತಿದೆ ಕಣಮ್ಮ. ಡಾಕ್ಟರ್ ಹತ್ರ ಒಯ್ಯೋಣ, ಆ ಕಡೆ ಹಿಡ್ಕೊಳ್ಳಿ" ಎಂದರು. ನಾನು ಚೀಲದ ಇನ್ನೊಂದು ತುದಿ ಹಿಡಿದೆ. ಗೋಣಿಯ ಮೂಲಕವೂ ಅದರ ಮೈ ಬೆಚ್ಚಗಿರುವುದು ಕೈಗೆ ತಿಳಿಯುತ್ತಿತ್ತು. ತಲೆಯೆತ್ತಿ ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ.