ಬಿಸಿ ಹಿಟ್ಟು ಆರುವವರೆಗೆ

ಹೋದ ತಿಂಗಳು ಗೌರಿಬಿದನೂರಿನಿಂದ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತರು. ಕೊರಳಲ್ಲಿ ಕುಡುಮಲಕುಂಟೆಯ ಯಾವುದೋ ಕಾರ್ಖಾನೆಯ ಗುರುತಿನ ಚೀಟಿ, ಮಡಿಲಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯಿಂದ ಆಗಷ್ಟೇ ಬೀಸಿಸಿದ ರಾಗಿ ಹಿಟ್ಟಿನ ವಾಸನೆ ಬರುತ್ತಿತ್ತು. ಮುಚ್ಚಳ ಬಿಗಿಯಾಗಿ ಹಾಕಿದ್ದರು. ತೆಗೆದಿಡಿ, ಹಿಟ್ಟು ಬೆವರುತ್ತದೆ ಎಂದು ಹೇಳಬೇಕೆನಿಸಿತು. ಆದರೆ ಆ ಮಾತು ನನ್ನದಲ್ಲ...

ಅದು ಮಿಷನಮ್ಮನ ಮಾತು. ಹಿಟ್ಟಿನ ಮಿಷನ್ ನಡೆಸುತ್ತಿದ್ದುದರಿಂದ ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ವರ್ಷಗಳ ಹಿಂದೆ, ನಾನು ಆಗ ಒಂದು ದಿನಪತ್ರಿಕೆಗೆ ಚಿಂತಾಮಣಿ, ಶಿಡ್ಲಘಟ್ಟ ಎರಡೂ ಕಡೆಯ ಸುದ್ದಿ ಕಳಿಸುತ್ತಿದ್ದೆ. ಎರಡರಲ್ಲಿ ಒಂದು ಊರಿನ ಸಣ್ಣ ಬೀದಿಯಲ್ಲಿ ಆ ಮಿಷನ್ ಇತ್ತು. ನನ್ನ ಬಾಡಿಗೆ ಮನೆ ಅದರ ಎದುರಿಗೇ.

ಒಳಗೆ ಮೋಟಾರು, ಬೀಸುವ ಕಲ್ಲು, ಹಿಟ್ಟಿನ ಧೂಳು. ಹೊರಗೆ ಚರಂಡಿಯ ಮೇಲೆ ಅಡ್ಡಲಾಗಿ ನಾಲ್ಕು ಕಡಪಾ ಕಲ್ಲು, ಮೇಲೊಂದು ತಗಡಿನ ಚಪ್ಪರ. ಬೀಸಿದ ಹಿಟ್ಟನ್ನು ಮಿಷನಮ್ಮ ಯಾರಿಗೂ ಹಾಗೇ ಒಯ್ಯಲು ಬಿಡುತ್ತಿರಲಿಲ್ಲ. “ಬಿಸಿ ಹಿಟ್ಟಿಗೆ ಮುಚ್ಚಳ ಹಾಕ್ಬಾರ್ದಮ್ಮಾ. ಬೆವತ್ರೆ ಗಂಟು ಕಟ್ತೈತೆ. ಕೂತ್ಕೋ, ಆರ್ಲಿ.” ಹೆಂಗಸರು ಮುಚ್ಚಳ ತೆಗೆದ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕಲ್ಲಿನ ಮೇಲೆ ಕೂರುತ್ತಿದ್ದರು. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ.

ಆ ಹೊತ್ತಿನಲ್ಲಿ ಆಗುತ್ತಿದ್ದ ಕೆಲಸಗಳು ಹಲವು. ಬೌದ್ಧರಾಗಿದ್ದ ದಲಿತ ಮನೆತನದ ಒಬ್ಬ ಶಾಲಾ ಮೇಷ್ಟ್ರಮ್ಮ ಶನಿವಾರ ಮಧ್ಯಾಹ್ನ ಬಂದರೆ ಸುತ್ತಲಿನವರ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದರು. ಕೆಂಚಾರ್ಲಹಳ್ಳಿ ಕಡೆಯಿಂದ ಮದುವೆಯಾಗಿ ಬಂದಿದ್ದ ಗೌಡರ ಮನೆಯ ಸೊಸೆ, ಅತ್ತೆಯ ಎದುರು ಆಡಲಾಗದ್ದನ್ನೆಲ್ಲ ಅಲ್ಲಿ ಆಡಿ ಮುಗಿಸುತ್ತಿದ್ದಳು. ಒಂದು ಸಲ ಅವಳು, ಈಚೆಗೆ ನಮ್ಮನೆ ಮುದ್ದೆ ಯಾಕೋ ಚೆನ್ನಾಗಿ ಬರ್ತೈತೆ ಎಂದಳು. ಮಿಷನಮ್ಮ ಒಳಗಿನಿಂದಲೇ ಕೂಗಿದರು: “ನಿನ್ ಕೈಗುಣ ಅನ್ಕೊಂಡ್ಯಾ? ನಿಂಗಿಂತ ಮುಂಚೆ ಮೇಷ್ಟ್ರಮ್ಮನ ರಾಗಿ ಬೀಸಿದ್ದು ಕಣೇ. ಕಲ್ಲಲ್ಲಿ ಉಳಿದಿದ್ದ ಒಂದು ಹಿಡಿ ನಿನ್ ಡಬ್ಬಿಗೇ ಬಿದ್ದಿರೋದು.”

“ಹಂಗಾದ್ರೆ ನಮ್ಮತ್ತೆಗೆ ಹೇಳ್ಬೇಡಮ್ಮಾ, ಉಣ್ಣಾದೇ ಬಿಟ್ಬಿಡ್ತಾಳೆ!”

ಮೇಷ್ಟ್ರಮ್ಮನೇ ಮೊದಲು ನಕ್ಕರು. ಮನೆಯೊಳಗೆ ಯಾರು ಯಾರ ನೀರು ಮುಟ್ಟುತ್ತಾರೆ, ಮುಟ್ಟುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೀಸುವ ಕಲ್ಲು ಮಾತ್ರ ಎಲ್ಲರ ಹಿಟ್ಟನ್ನೂ ಒಂದು ಹಿಡಿ ಬೆರೆಸಿಯೇ ಕೊಡುತ್ತಿತ್ತು.

ನನ್ನ ತಾಯಿ ಒಮ್ಮೆ ಬಂದಾಗ ವಿಚಾರಿಸಿದೆ. ಹಿಟ್ಟು ಆರಬೇಕು ನಿಜ, ಆದರೆ ಮುಚ್ಚಳ ಓರೆ ಮಾಡಿಕೊಂಡು ಮನೆಗೆ ತಂದರೂ ಆರುತ್ತದೆ ಎಂದರು. ಇದನ್ನು ಮಿಷನಮ್ಮನಿಗೆ ಹೇಳಿದೆ. “ಮೆಲ್ಲಗೆ ಮಾತಾಡು ಪೇಪರಪ್ಪಾ,” ಎಂದು ಗದರಿದರು. “ಮನೆಗೋದ್ರೆ ಇವ್ರನ್ನ ಯಾರು ಕೂರಿಸ್ತಾರೆ?”

ಇದು ಬರೆಯಬೇಕಾದ ವಿಷಯ ಅನಿಸಿತು. ಬರೆದೆ. ಭಾನುವಾರದ ಪುಟದಲ್ಲಿ, ಫೋಟೋ ಸಮೇತ ಬಂತು. ಚರಂಡಿಯ ಮೇಲೆ ಹಾಸಿದ ನಾಲ್ಕು ಕಲ್ಲು, ರಸ್ತೆಗೆ ಚಾಚಿದ ಚಪ್ಪರ, ಬೀದಿಯ ಹೆಸರು, ಎಲ್ಲವನ್ನೂ ಬರೆದಿದ್ದೆ. ವಿವರವಿಲ್ಲದ ವರದಿ ವರದಿಯಲ್ಲ ಎಂದು ಕಲಿತವನು ನಾನು. ಮಿಷನಮ್ಮನಿಗೆ ಓದಲು ಬರುತ್ತಿದ್ದುದು ತೆಲುಗು ಮಾತ್ರ. ಮೇಷ್ಟ್ರಮ್ಮ ಗಟ್ಟಿಯಾಗಿ ಓದಿದರು, ಎರಡು ಸಲ. ಆ ದಿನ ಮಿಷನಮ್ಮ ಎಲ್ಲರಿಗೂ ಟೀ ತರಿಸಿದರು.

ಮೂರು ವಾರವಾದ ಮೇಲೆ ಮಿಷನಮ್ಮನಿಗೆ ನಗರಸಭೆಯಿಂದ ನೋಟಿಸ್ ಬಂತು. ಯಾರೋ ಒಬ್ಬರು ಒತ್ತುವರಿ ತೆರವಿಗೆ ಅರ್ಜಿ ಕೊಟ್ಟಿದ್ದರು. ಯಾರೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಅರ್ಜಿಗೆ ಲಗತ್ತಿಸಿದ್ದು ನನ್ನ ಲೇಖನ. “ದಿನಪತ್ರಿಕೆಯಲ್ಲಿ ಪ್ರಕಟವಾದ ಚಿತ್ರದಲ್ಲಿ ಕಂಡುಬರುವಂತೆ” ಎಂದು ನೋಟಿಸಿನ ಎರಡನೇ ಸಾಲಿನಲ್ಲೇ ಇತ್ತು.

ನಗರಸಭೆ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಒರಟು ಮನುಷ್ಯನಲ್ಲ. ಕುರ್ಚಿ ಕೊಟ್ಟರು, ಕಡತ ತೆಗೆದು ನನ್ನ ಲೇಖನವನ್ನೇ ನನ್ನ ಮುಂದಿಟ್ಟರು. “ಚರಂಡಿ ಮೇಲೆ ಕಲ್ಲು ಅಂತ ನೀವೇ ಬರ್ದಿದೀರಲ್ಲ ಸಾರ್. ಸುಳ್ಳು ಬರ್ದೆ ಅಂತ ಬರ್ಕೊಡ್ತೀರಾ? ಕೊಟ್ರೆ ನಾನು ನಿಲ್ಲಿಸ್ತೀನಿ.” ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವರಿಗೂ ಒಂದು ದಾರಿ ಬೇಕಿತ್ತೇನೋ... ನಾನು ಬರೆದುಕೊಡಲಿಲ್ಲ. ಕಲ್ಲುಗಳು ಚರಂಡಿಯ ಮೇಲೇ ಇದ್ದವು.

ಪತ್ರಿಕೆಯ ಆಫೀಸಿಗೆ ಫೋನ್ ಮಾಡಿದೆ. ಸಂಪಾದಕರು ಪೂರ್ತಿ ಕೇಳಿಸಿಕೊಂಡು, “ಯಾವ ಸಾಲು ತಪ್ಪು ಹೇಳಿ, ತಿದ್ದುಪಡಿ ಹಾಕೋಣ,” ಎಂದರು. ಅಷ್ಟು ವರ್ಷಗಳಲ್ಲಿ ಹೆಸರು ತಪ್ಪು ಬರೆದಿದ್ದೆ, ಊರು ತಪ್ಪು ಬರೆದಿದ್ದೆ, ತಿದ್ದುಪಡಿ ಹಾಕಿಸಿದ್ದೆ. ಈ ಲೇಖನದಲ್ಲಿ ತಪ್ಪಿದ ಒಂದು ಸಾಲೂ ಇರಲಿಲ್ಲ.

ತೆರವಿಗೆ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಹೆಂಗಸರು ತಂತಮ್ಮ ಡಬ್ಬಿಗಳನ್ನೆತ್ತಿಕೊಂಡು ಎದುರಿಗೆ, ನನ್ನ ಮನೆಯ ಗೋಡೆಗೆ ಒರಗಿ ನಿಂತರು. ಮಿಷನಮ್ಮ ಮೋಟಾರು ನಿಲ್ಲಿಸಿ ಬಾಗಿಲಿಗೆ ಬಂದರು. “ಒಡೀಬೇಡ್ರಪ್ಪಾ, ಎತ್ತಿ ಪಕ್ಕಕ್ಕಿಡಿ,” ಎಂದಷ್ಟೇ ಕೆಲಸದವರಿಗೆ ಹೇಳಿದರು. ಚಪ್ಪರ ಇಳಿಯಿತು, ಮೂರು ಕಲ್ಲು ಎದ್ದವು, ನಾಲ್ಕನೆಯದು ಎರಡು ತುಂಡಾಯಿತು. ಗೌಡರ ಸೊಸೆ ನನ್ನ ಕಡೆ ತಿರುಗಿ, “ಬರೀದೆ, ನಿಮ್ಮ ಪಾಡಿಗೆ ನೀವು ನಮ್ಮನ್ನ ನೋಡ್ಕೊಂಡಿದ್ರೆ ಆಗ್ತಿರ್ಲಿಲ್ವಾ ಸಾರ್?” ಎಂದಳು. ಮಿಷನಮ್ಮ ಅವಳ ತೋಳು ಹಿಡಿದು ಸುಮ್ಮನಾಗಿಸಿದರು. ಆಮೇಲೆ ನನಗೆ ಅಂದರು: “ನೀನು ಒಳ್ಳೇದೇ ಬರ್ದಿದ್ದೆ ಕಣಪ್ಪಾ. ಫೋಟೋನೂ ಚೆನ್ನಾಗಿ ಬಂದಿತ್ತು.”

ಕೆಲವು ದಿನ ಹೆಂಗಸರು ಬಿಸಿಲಲ್ಲಿ ನಿಂತು ನೋಡಿದರು. ಆಮೇಲೆ ಡಬ್ಬಿ ಬಿಟ್ಟು ಹೋಗಿ ಸಂಜೆ ಬಂದು ಒಯ್ಯತೊಡಗಿದರು. ಮೇಷ್ಟ್ರಮ್ಮ ಅಂಗಡಿಯ ಪಾಕೀಟು ಹಿಟ್ಟು ಕೊಳ್ಳತೊಡಗಿದರು. ಆರ್ಲಿ ಎನ್ನುವುದನ್ನು ಮಿಷನಮ್ಮ ಬಿಟ್ಟೇಬಿಟ್ಟರು. ಕೂರಲು ಜಾಗವಿಲ್ಲದೆ ಯಾರಿಗೆ ಹಾಗೆ ಹೇಳುವುದು? ನನ್ನ ಕಿಟಕಿಯಿಂದ ಅದೆಲ್ಲ ಕಾಣುತ್ತಿತ್ತು. ವರ್ಷ ತುಂಬುವ ಮೊದಲೇ ವರ್ಗ ಕೇಳಿಕೊಂಡು ಬಂದೆ.

ಹೋದ ತಿಂಗಳು ಆ ಬಸ್ಸಿನಿಂದ ಇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಭಾನುವಾರ ಆ ಬೀದಿಗೆ ಹೋದೆ. ಮಿಷನ್ ಓಡುತ್ತಿತ್ತು, ನಡೆಸುತ್ತಿದ್ದುದು ಮಿಷನಮ್ಮನ ಸೊಸೆ. ಮಿಷನಮ್ಮ ತೀರಿಕೊಂಡು ಎಂಟು ತಿಂಗಳಾಗಿದೆ ಎಂದಳು. ಯಾರೂ ನನಗೆ ತಿಳಿಸಿರಲಿಲ್ಲ, ತಿಳಿಸಬೇಕಾಗಿಯೂ ಇರಲಿಲ್ಲ. ನಿಮ್ಮ ಅತ್ತೆಯ ಬಗ್ಗೆ ಪೇಪರಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ ಎಂದೆ.

ಅವಳು ಮೋಟಾರು ನಿಲ್ಲಿಸಿ ಹತ್ತಿರ ಬಂದಳು. “ಬ್ಯಾಡಣ್ಣಾ. ಬಾಗಿಲಿಗೆ ಒಂದು ಮೆಟ್ಲು ಉಳಿದೈತೆ. ಅದೂ ಚರಂಡಿ ಮೇಲೇ ಐತೆ.”

ಬರೆಯುವುದಿಲ್ಲ ಎಂದು ಹೇಳಿ ಬಂದಿದ್ದೆ. ಈಗ ಬರೆದಿದ್ದೇನೆ. ಅವರ ಹೆಸರು ಹಾಕಿಲ್ಲ, ಎರಡು ಊರುಗಳಲ್ಲಿ ಯಾವುದೆಂದು ಹೇಳಿಲ್ಲ, ಫೋಟೋ ತೆಗೆಯಲಿಲ್ಲ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಯಲ್ಲಿಲ್ಲ. ಆ ಮೆಟ್ಟಿಲ ಮೇಲೆ ಒಬ್ಬರು ಮಾತ್ರ ಕೂರಬಹುದು. ನಾನು ಹೊರಡುವಾಗ ಯಾರೋ ಒಬ್ಬ ಮುದುಕಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾತಾಡಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ.