ಹಗೇವಿನ ಜೋಳ

ತುರ್ತು ಪರಿಸ್ಥಿತಿ ಮುಗಿದು ಚುನಾವಣೆ ಆದ ವರ್ಷ ಅದು, ಎಪ್ಪತ್ತೇಳನೆಯ ಇಸವಿ. ನಾನು ಮದುವೆಯಾಗಿ ಸಿಂದಗಿಗೆ ಬಂದ ಮೇಲೆ ಎರಡನೆಯ ಮಳೆಗಾಲ. ಇಷ್ಟು ವರ್ಷಗಳಾದರೂ ರೊಟ್ಟಿ ಬಡಿಯಲು ಕೂತಾಗ ಒಮ್ಮೊಮ್ಮೆ ಆ ದಿನ ಕಣ್ಣ ಮುಂದೆ ಬಂದು ಕೈ ನಿಂತುಬಿಡುತ್ತದೆ. ಮನೆಯವರು ಏನಾಯಿತು ಅಂತ ಕೇಳಿದರೆ ಏನೂ ಇಲ್ಲ ಅನ್ನುತ್ತೇನೆ. ಉಣ್ಣಲು ಕೂತವರ ಮುಂದೆ ಹೇಳುವ ಮಾತಲ್ಲ ಅದು.

ನನ್ನ ತವರು ಮುದ್ದೇಬಿಹಾಳ. ಅಲ್ಲಿ ಅಪ್ಪ ಪೇಟೆಯಿಂದ ಜೋಳದ ಚೀಲ ತರುತ್ತಿದ್ದ, ಅವ್ವ ಹಸನು ಮಾಡಿ ಡಬ್ಬಿಗೆ ಹಾಕುತ್ತಿದ್ದಳು, ಅಲ್ಲಿಗೆ ಮುಗಿಯಿತು. ಯಾವ ಊರಿನ ಜೋಳ, ಯಾರು ಬೆಳೆದದ್ದು ಅಂತ ಕೇಳಿದವರೇ ಇಲ್ಲ. ಗಂಡನ ಮನೆಯ ಪದ್ಧತಿ ಬೇರೆಯೇ ಇತ್ತು. ನಮ್ಮ ಮನೆಯವರು ಟೇಲರು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ಗಂಗವ್ವ. ಓಣಿಯ ಐದು ಮನೆಯವರು ಕೂಡಿ, ಹಿಂಗಾರಿ ಬಿತ್ತನೆಗೆ ಮೊದಲೇ ಸಿದ್ದಪ್ಪ ಎಂಬ ರೈತನಿಗೆ ತಮ್ಮ ತಮ್ಮ ಶಕ್ತಿಯಷ್ಟು ಮುಂಗಡ ಕೊಡುತ್ತಿದ್ದರು. ನಮ್ಮದು ದುಡ್ಡಿನ ಬದಲು ಹೊಲಿಗೆ, ಆತನ ಮನೆಯವರ ವರ್ಷದ ಬಟ್ಟೆಯೆಲ್ಲ ನಮ್ಮ ಮಶೀನಿನಲ್ಲೇ ಆಗಬೇಕು. ಬೆಳೆ ಚೆನ್ನಾಗಿ ಬಂದರೆ ಐದೂ ಮನೆಗೆ ಹೆಚ್ಚು, ಕೈಕೊಟ್ಟರೆ ಐದೂ ಮನೆಗೆ ಕಡಿಮೆ. ಹಕ್ಕಿ ತಿಂದಿತು, ಹುಳ ಬಿತ್ತು ಅಂತ ಜಗಳ ತೆಗೆಯುವಂತಿಲ್ಲ. ಎಳ್ಳಮಾವಾಸ್ಯೆಗೆ ಐದೂ ಮನೆಯವರು ಬುತ್ತಿ ಕಟ್ಟಿಕೊಂಡು ಆತನ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವೆಂದು ಚರಗ ಚೆಲ್ಲಿ, ಅಲ್ಲೇ ಉಂಡು ಬರುವುದು.

ಇದೆಲ್ಲ ಯಾಕೆ, ದುಡ್ಡು ಕೊಟ್ಟರೆ ಪೇಟೆಯಲ್ಲಿ ಸಿಗುವುದಿಲ್ಲವೇ ಅಂತ ನಾನು ಅತ್ತೆಯನ್ನು ಕೇಳಿದ್ದೆ. ಬರದ ವರ್ಷ ಪೇಟೆಯಲ್ಲಿ ದುಡ್ಡು ಹಿಡಿದು ನಿಂತರೂ ಜೋಳ ಸಿಗಲಿಲ್ಲವಂತೆ. ಊರೆಲ್ಲ ರೇಷನ್ನಿನ ಕೆಂಪು ಜೋಳ ತಂದು, ರೊಟ್ಟಿ ಬಡಿಯಲು ಬಾರದೆ ನುಚ್ಚು ಮಾಡಿಕೊಂಡು ಉಂಡಾಗ, ಸಿದ್ದಪ್ಪ ತನಗೆ ಬಂದಿದ್ದ ಇಷ್ಟೇ ಇಷ್ಟು ಜೋಳವನ್ನು ಐದು ಪಾಲು ಮಾಡಿ ತಂದು ಕೊಟ್ಟನಂತೆ. ಅಂದಿನಿಂದ ಅತ್ತೆಗೆ ಸಿದ್ದಪ್ಪ ಅಂದರೆ ಮನೆಯ ಮಗನಿದ್ದಂತೆ.

ಸಿದ್ದಪ್ಪನಿಗೂ ಅವನದೇ ಕಾರಣವಿತ್ತು. ಸಂತೆಯ ದಿನ ಸಿಂದಗಿಗೆ ಬಂದರೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯದೆ ಹೋಗುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದ್ದಕ್ಕೆ ಹೇಳಿದ: “ಪ್ಯಾಟ್ಯಾಗ ಅಡತಿ ಅಂಗಡ್ಯಾಗ ಚೀಲ ಇಳಿಸಿ, ಮಾರಿ ಬಂದ್ರ ನನ್ನ ಜ್ವಾಳ ಎಲ್ಲಿ ಹೋತು ಅಂತ ತಿಳಿಯಂಗಿಲ್ಲ, ತಂಗಿ. ಈ ಓಣ್ಯಾಗ ಬಂದ್ರ ರೊಟ್ಟಿ ಬಡಿಯೂ ಸಪ್ಪಳ ಕೇಳಸ್ತೈತಿ.” ಹಾಗೆ ಅಂದು ಕೂತಲ್ಲೇ ಕಿವಿಗೊಟ್ಟು ಕೇಳಿದ. ನನಗೆ ನಗು ಬಂತು.

ಆತನ ಊರು ದೇವರ ಹಿಪ್ಪರಗಿ ಹಾದಿಯಲ್ಲಿ ಬಸ್ಸಿಳಿದು ಹೊಲದ ನಡುವೆ ನಡೆದು ಹೋಗಬೇಕಾದ ಸಣ್ಣ ಹಳ್ಳಿ. ರಾಶಿ ಆದ ಮೇಲೆ ಐದೂ ಮನೆಯ ಜೋಳ ಆತನ ಅಂಗಳದ ಹಗೇವಿನಲ್ಲಿ ಇರುತ್ತಿತ್ತು. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಒಳಗೆ ಕೋಣೆಯಷ್ಟು ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಸುತ್ತ ರವದಿ, ಅಂದರೆ ಜೋಳದ ಒಣಗರಿ ಹಾಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಹುಳ ಹತ್ತುವುದಿಲ್ಲ. ಆದರೆ ಆ ಜೋಳಕ್ಕೆ ಒಂದು ನಮೂನೆ ಮುಗ್ಗಲು ವಾಸನೆ ಬರುತ್ತದೆ. ನನಗೆ ಅದು ಸುತಾರಾಂ ಸೇರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ರೊಟ್ಟಿ ಮೂಸಿ ನೋಡಿ ಮುಖ ಕಿವುಚುತ್ತಿದ್ದೆ. ಅತ್ತೆ ಅದನ್ನು ಸಿದ್ದಪ್ಪನ ಕಿವಿಗೆ ಹಾಕಿದ್ದರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಆತನ ಮೊದಲ ಮಾತು ಒಂದೇ: “ತಂಗಿ, ವಾಸನಿ ಬರತೈತೇನು?”

ನಾನು ಬರುತ್ತದೆ ಅಂದರೆ, ಮುದ್ದೇಬಿಹಾಳದವರ ಮೂಗು ಭಾಳ ಉದ್ದ ಅಂತ ಕಾಡಿಸುತ್ತಿದ್ದ. ಆತನ ಹೆಂಡತಿ ಶಾಂತವ್ವನನ್ನು ನಾನು ಅಣ್ಣನ ಹೆಂಡತಿಯ ಹಾಗೆ ವೈನಿ ಅಂತಿದ್ದೆ. ಆಕೆ ಗಂಡನನ್ನು ಗದರಿಸಿ ನನ್ನ ಪರ ಮಾತಾಡುತ್ತಿದ್ದಳು.

ಆ ವರ್ಷ ನಾಗರ ಪಂಚಮಿಗೆ ಮೊದಲು ಹಗೇವು ತೆಗೆದು ಅರ್ಧ ಜೋಳ ಹಂಚಿಕೊಂಡಿದ್ದೆವು. ಉಳಿದರ್ಧವನ್ನು ಮತ್ತೆ ಮುಚ್ಚಿ ಇಟ್ಟಿದ್ದರು. ಮಹಾನವಮಿ ಹತ್ತಿರ ಬಂದಾಗ ಮನೆಯಲ್ಲಿ ಕಾಳು ತಳ ಕಂಡಿತು. ಅಷ್ಟೂ ದಿನ ಜಡಿಮಳೆ ಹಿಡಿದಿತ್ತು. ಒಂದು ಭಾನುವಾರ ಬಿಸಿಲು ಬಿದ್ದದ್ದೇ ತಡ, ಅತ್ತೆ, ನಾನು, ಐದು ಮನೆಯವರಲ್ಲೊಬ್ಬರಾದ ಓಣಿಯ ಮಾಸ್ತರರು ಖಾಲಿ ಚೀಲ ಹಿಡಿದು ಬೆಳಗಿನ ಬಸ್ಸಿಗೆ ಹೊರಟೆವು. ಐದೂ ಮನೆಯ ಪಾಲನ್ನು ಸಿದ್ದಪ್ಪನ ಬಂಡಿಯಲ್ಲೇ ತರುವುದು ಅಂತ ಮಾತಾಗಿತ್ತು.

ನಾವು ಹೋದಾಗ ಆಗಲೇ ಹಾಸುಗಲ್ಲು ಸರಿಸಿದ್ದರು. ವೈನಿ ಚಹಾ ಕೊಟ್ಟಳು. ಸಿದ್ದಪ್ಪನ ತಮ್ಮ ಭೀಮಪ್ಪ ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದ. ದೀಪ ಇಳಿಬಿಟ್ಟು ನೋಡಿದೆಯೇನಪ್ಪಾ ಅಂತ ನಮ್ಮ ಅತ್ತೆ ಕೇಳಿದರು. ಹಗೇವು ತೆಗೆದ ಕೂಡಲೇ ಒಳಗಿನ ಗಾಳಿ ಕೆಟ್ಟಿರುತ್ತದೆ, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು ಅಂತ ಆ ಕಡೆಯ ಎಲ್ಲರಿಗೂ ಗೊತ್ತು. ಸಿದ್ದಪ್ಪನಿಗೂ ಗೊತ್ತಿತ್ತು. ಪಂಚಮಿಗೆ ಇಳಿದಾಗ ಹಾಗೇ ಮಾಡಿದ್ದ.

“ಹೊಸದಾಗಿ ತಗಿಯೂ ಹಗೇವಿಗೆ ಅದು, ಯವ್ವಾ,” ಅಂದ. “ಒಮ್ಮೆ ತಗದದ್ದ ಐತಿ, ಅರ್ಧ ಖಾಲಿ ಐತಿ. ಇದಕ್ಕೇನು ದೀಪ ಹಚ್ಚೂದು.”

ಅಲ್ಲಿದ್ದ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ, ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮಳೆಯ ನೀರು ಜಿನುಗಿ ಒಳಗಿನ ಕಾಳು ಹಸಿಯಾಗಿ ಬೆವತು, ಮುಚ್ಚಿದ ಬಾಯಿಯ ಕೆಳಗೆ ಗಾಳಿ ಮತ್ತೆ ವಿಷವಾಗಿದ್ದೀತು ಅಂತ ಯಾರಿಗೆ ಹೊಳೆಯಬೇಕು? ಸಿದ್ದಪ್ಪ ಧೋತರ ಕಟ್ಟಿಕೊಂಡು ಹಗ್ಗ ಹಿಡಿದು ಇಳಿದ. ಒಂದು ಬುಟ್ಟಿ ತುಂಬಿ ಮೇಲೆ ಬಂತು. ಕೆಳಗಿನಿಂದ ಆತನ ದನಿ ಕೇಳಿತು, ಈ ಸಲ ತಂಗಿಯ ಮೂಗಿಗೆ ಕಷ್ಟ ಐತಿ ಅಂತ ಏನೋ ಅಂದ. ನಾನು ನಕ್ಕು ಚೀಲದ ಬಾಯಿ ಹಿಡಿದೆ. ಭೀಮಪ್ಪ ಬುಟ್ಟಿ ಸುರುವಿ ಮತ್ತೆ ಕೆಳಗೆ ಬಿಟ್ಟ.

ಎರಡನೆಯ ಬುಟ್ಟಿಗೆ ಕೆಳಗಿನಿಂದ ಹಗ್ಗ ಜಗ್ಗಿದ ಸನ್ನೆ ಬರಲಿಲ್ಲ. ಭೀಮಪ್ಪ ಕೂಗಿದ. ವೈನಿ ಒಲೆಯ ಮುಂದಿನಿಂದ ಎದ್ದು ಬಂದು ಬಾಯಿಗೆ ಬಗ್ಗಿ “ಏನ್ರೀ, ಏನ್ರೀ” ಅಂದಳು. ಉತ್ತರವಿಲ್ಲ. ಭೀಮಪ್ಪ ಇಳಿಯಲು ಕಾಲು ಹಾಕಿಯೇಬಿಟ್ಟ. ಮಾಸ್ತರರು ಹಿಂದಿನಿಂದ ಆತನ ಸೊಂಟ ಹಿಡಿದರು, ನಾನೂ ಅತ್ತೆಯೂ ಕೈ ಹಿಡಿದು ಜಗ್ಗಿದೆವು. ಬಿಡ್ರಿ, ಬಿಡ್ರಿ ಅಂತ ಒದರಾಡಿದ. ನೆರೆಯವರು ಓಡಿ ಬಂದರು. ಯಾರೋ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಅದು ಆರಿತು. ಸುತ್ತ ನಿಂತವರೆಲ್ಲ ಅದನ್ನು ನೋಡಿದೆವು. ವೈನಿಯೂ ನೋಡಿದಳು.

ಕಂಬಳಿ ಬೀಸಿದರು, ಬೇವಿನ ತೊಪ್ಪಲು ಕಟ್ಟಿ ಮೇಲೆ ಕೆಳಗೆ ಆಡಿಸಿದರು. ಮತ್ತೆ ಕಂದೀಲು ಇಳಿಸಿ ಅದು ಉರಿಯುವುದನ್ನು ಕಂಡ ಮೇಲೆಯೇ ಭೀಮಪ್ಪನ ಸೊಂಟಕ್ಕೆ ಹಗ್ಗ ಕಟ್ಟಿ ಬಿಟ್ಟರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಸಿದ್ದಪ್ಪನನ್ನು ಮೇಲೆ ಎಳೆದು ಅಂಗಳದಲ್ಲಿ ಮಲಗಿಸಿದಾಗ ಮೈಗೆಲ್ಲ ಜೋಳ ಅಂಟಿಕೊಂಡಿತ್ತು. ವೈನಿ ಅಳಲಿಲ್ಲ, ಕೂತು ಆತನ ಮುಖದ ಮೇಲಿನ ಕಾಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಎರಡನೆಯ ಬುಟ್ಟಿ ಒಳಗೆ ತುಂಬಿಯೇ ಇತ್ತು ಅಂತ ಭೀಮಪ್ಪ ಆಮೇಲೆ ಹೇಳಿದ. ಪೊಲೀಸರು ಬಂದು ಪಂಚನಾಮೆ ಮಾಡಿಕೊಂಡು ಹೋದರು. ಮರುದಿನ ಮಣ್ಣು ಮುಗಿಸಿಕೊಂಡು ನಾವು ಖಾಲಿ ಚೀಲಗಳನ್ನು ಹಾಗೇ ಮಡಿಚಿಟ್ಟುಕೊಂಡು ಬಸ್ಸು ಹತ್ತಿದೆವು.

ಸಿದ್ದಪ್ಪನ ದಿವಸದ ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಓಣಿಯಲ್ಲಿ ಬಂಡಿಯ ಸಪ್ಪಳ ಕೇಳಿತು. ಭೀಮಪ್ಪ ಹೊಡೆಯುತ್ತಿದ್ದ, ಚೀಲಗಳ ನಡುವೆ ವೈನಿ ಕೂತಿದ್ದಳು. ಹಗೇವಿನ ಬಾಯಿ ಎಷ್ಟೋ ದಿನ ತೆರೆದಿಟ್ಟು ಉಳಿದ ಜೋಳವನ್ನೆಲ್ಲ ತೆಗೆದು, ಬಿಸಿಲಿಗೆ ಒಣಗಿಸಿ, ಕೆಟ್ಟದ್ದನ್ನು ಬೇರೆ ಮಾಡಿ, ಐದು ಮನೆಯ ಪಾಲು ತಂದಿದ್ದಳು.

ಮೊದಲು ಮಾಸ್ತರರ ಮನೆ. ಅವರು ಒಳಗೇ ಇದ್ದರು, ಹೊರಗೆ ಬರಲಿಲ್ಲ. ಅವರ ಹೆಂಡತಿ ಹೊಸ್ತಿಲಲ್ಲಿ ನಿಂತು, ಮಕ್ಕಳಿರುವ ಮನೆ, ತಪ್ಪು ತಿಳಿಯಬೇಡ, ಮುಂಗಡವನ್ನೂ ನಾವು ತಿರುಗಿ ಕೇಳುವುದಿಲ್ಲ ಅಂದಳು. ಆ ಹೆಣ್ಣುಮಗಳ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ. ಉಳಿದ ಮೂರು ಮನೆಯವರದೂ ಅದೇ ಮಾತು. ಜೀವ ಹೋದ ಹಗೇವಿನ ಕಾಳು ಹೇಗೆ ಬೇಯಿಸುವುದು? ನಿಜ ಹೇಳುತ್ತೇನೆ, ನಾನೂ ಒಳಗೊಳಗೆ ನಮ್ಮ ಅತ್ತೆ ಒಲ್ಲೆ ಅನ್ನಲಿ ಅಂತಲೇ ಬೇಡಿಕೊಳ್ಳುತ್ತಿದ್ದೆ.

ವೈನಿ ಓಣಿಯ ನಡುವೆ ಬಂಡಿಯ ಗಾಲಿ ಹಿಡಿದು ನಿಂತಳು. ದನಿ ಏರಿಸಲಿಲ್ಲ.

“ಪ್ಯಾಟಿ ಜ್ವಾಳದಾಗ ಯಾರ ಜೀವ ಹೋಗೇತಿ ಅಂತ ನಿಮಗ ತಿಳಿಯಂಗಿಲ್ಲ, ಅದಕ್ಕ ಉಣ್ತೀರಿ. ಇದರಾಗ ಹ್ವಾದವ್ರು ಯಾರಂತ ಗೊತ್ತೈತಿ, ಅದಕ್ಕ ಒಲ್ಲೆ ಅಂತೀರಿ. ಗುರ್ತಿನವರಿಗೆ ಬೆಳೀಬೇಕಂತ ಬೆಳೆದ್ರಲ್ರಿ ಅವರು.”

ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಂಡವು. ನಮ್ಮ ಅತ್ತೆ ಕಟ್ಟೆಯಿಂದ ಇಳಿದು ಬಂದು ಭೀಮಪ್ಪನಿಗೆ ಚೀಲ ಇಳಿಸಲು ಹೇಳಿದರು. ಎಲ್ಲರದೂ ನಮ್ಮ ಮನೆಗೇ ಇರಲಿ ಅಂದರು. ವೈನಿ ಒಪ್ಪಲಿಲ್ಲ. ನಿಮ್ಮ ಪಾಲು ಎಷ್ಟೋ ಅಷ್ಟೇ, ನನ್ನ ಮೇಲಿನ ಕರುಣೆಗೆ ಬೇಡ ಅಂದಳು.

ಅತ್ತೆ ಆಕೆಯನ್ನು ಉಣ್ಣದೆ ಕಳಿಸುವುದಿಲ್ಲ ಅಂತ ಕೂರಿಸಿಕೊಂಡು, ಆ ಚೀಲದ್ದೇ ಜೋಳ ಮೊರದಲ್ಲಿ ಹಾಕಿ ನನ್ನನ್ನು ಗಿರಣಿಗೆ ಕಳಿಸಿದರು. ಗಿರಣಿಯವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಎಲ್ಲರದೂ ಆದ ಮೇಲೆ ಬಾರವ್ವ, ನಿನ್ನ ಕಾಳಿನ ಹಿಂದೆ ಯಾರೂ ತಮ್ಮ ಕಾಳು ಹಾಕಲು ಒಪ್ಪುವುದಿಲ್ಲ ಅಂದ. ಸರದಿಯಲ್ಲಿದ್ದ ಹೆಂಗಸರು ನನ್ನ ಮುಖ ನೋಡದೆ ಸರಿದು ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. ನಾನೇ ಒಳಗೊಳಗೆ ಒಲ್ಲೆ ಅನ್ನುತ್ತಿದ್ದವಳು, ಅವರು ಒಲ್ಲೆ ಅಂದದ್ದಕ್ಕೆ ಯಾಕಷ್ಟು ಉರಿಯಿತೋ ಗೊತ್ತಿಲ್ಲ. ಮೊರ ಹೊತ್ತು ತಿರುಗಿ ಬಂದೆ.

ಅತ್ತೆ ಏನೂ ಕೇಳದೆ ಮೂಲೆಯ ಬೀಸುವ ಕಲ್ಲು ಒರೆಸಿದರು. ಎದುರಿಗೆ ವೈನಿ ಬಂದು ಕೂತು ಗೂಟಕ್ಕೆ ಕೈ ಹಾಕಿದಳು. ಬೀಸುವಾಗ ಹಾಡುವುದು ಇಬ್ಬರಿಗೂ ರೂಢಿ. ಅಂದು ಕಲ್ಲಿನ ಸಪ್ಪಳ ಒಂದೇ ಇತ್ತು. ನಾನು ಆ ಹಿಟ್ಟಿನಿಂದ ರೊಟ್ಟಿ ಬಡಿದೆ. ಹಿಟ್ಟಿಗೆ ಜಿಗಿ ಇತ್ತು, ಒಂದೂ ಹರಿಯಲಿಲ್ಲ. ಹಂಚಿನ ಮೇಲೆ ಹಾಕಿದ ಕೂಡಲೇ ಆ ಮುಗ್ಗಲು ವಾಸನೆ ಮನೆಯೆಲ್ಲ ತುಂಬಿತು, ಎಂದಿಗಿಂತ ಹೆಚ್ಚು.

ಎಲ್ಲರೂ ಉಣ್ಣಲು ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಲೆ. ನಮ್ಮ ಮನೆಯವರು ತಲೆ ತಗ್ಗಿಸಿ ಉಂಡರು, ಅತ್ತೆ ಉಂಡರು. ಭೀಮಪ್ಪನಿಗೆ ಇಳಿಯಲಿಲ್ಲ, ಎದ್ದು ಎತ್ತು ನೋಡುವ ನೆವದಿಂದ ಹೊರಗೆ ಹೋದ. ನಾನು ಒಂದು ತುತ್ತು ಬಾಯಿಗಿಟ್ಟೆ. ಮುಖದ ಮೇಲಿನ ಕಾಳು, ಆ ಕಂದೀಲು, ಎಲ್ಲ ಕಣ್ಣಿಗೆ ಬಂದು ತುತ್ತು ಬಾಯಲ್ಲೇ ಉಳಿಯಿತು. ತಲೆ ಎತ್ತಿದರೆ ವೈನಿ ನನ್ನನ್ನೇ ನೋಡುತ್ತಿದ್ದಳು. ತಾನು ಇನ್ನೂ ರೊಟ್ಟಿ ಮುರಿದಿರಲಿಲ್ಲ.

“ತಂಗೆವ್ವ,” ಅಂದಳು, “ವಾಸನಿ ಬರತೈತೇನು?”

ಆತನದೇ ಮಾತು. ಆದರೆ ಕೇಳಿದ ದನಿಯಲ್ಲಿ ಚೇಷ್ಟೆ ಇರಲಿಲ್ಲ. ನಾನು ಏನನ್ನುತ್ತೇನೆ ಅನ್ನುವುದರ ಮೇಲೆ ಆಕೆ ಉಣ್ಣುವುದು ನಿಂತಿದೆ ಅನ್ನಿಸಿತು.

“ಇಲ್ರಿ ವೈನಿ. ಚಲೋ ಐತಿ,” ಅಂದು ನುಂಗಿದೆ. ಆಕೆ ತನ್ನ ರೊಟ್ಟಿ ಮುರಿದು ಉಣ್ಣತೊಡಗಿದಳು. ಉಣ್ಣುತ್ತಲೇ ಅತ್ತಳು. ಆತ ಹೋದ ಮೇಲೆ ಆಕೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಉಳಿದ ನಾಲ್ಕು ಮನೆಯ ಜೋಳವನ್ನು ತಿರುಗಿ ಊರಿಗೆ ಒಯ್ದು ಏನು ಮಾಡುವುದು? ಹಗೇವಿನಿಂದ ಹೊರಬಿದ್ದ ಕಾಳು ಬಹಳ ದಿನ ತಾಳುವುದಿಲ್ಲ. ಪೇಟೆಗೆ ಹಾಕುವುದೇ ಸರಿ ಅಂದ ಭೀಮಪ್ಪ. ಅತ್ತೆ ನನ್ನನ್ನೂ ಜೊತೆಗೆ ಕಳಿಸಿದರು. ಅಡತಿ ಅಂಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಹಮಾಲರು ಚೀಲ ಬಿಚ್ಚಿ, ಅಲ್ಲಿ ಮೊದಲೇ ಬಿದ್ದಿದ್ದ ದೊಡ್ಡ ರಾಶಿಯ ಮೇಲೆ ಸುರುವಿದರು. ಒಬ್ಬ ಸಲಿಕೆ ತಂದು ಬದಿಗೆ ಜಾರಿದ್ದನ್ನು ಒಳಗೆ ತಳ್ಳಿದ. ನೋಡನೋಡುತ್ತಿದ್ದಂತೆ ಯಾವುದು ಯಾರ ಜೋಳ ಅಂತ ಗೊತ್ತಾಗದಂತೆ ಆಯಿತು. ಭೀಮಪ್ಪ ನಡೆಯಿರಿ ಅಂದರೂ ವೈನಿ ಅಲ್ಲಿಂದ ಕದಲಲಿಲ್ಲ.

“ಎಲ್ಲಿ ಹೋತು ಅಂತ ಇನ್ನ ತಿಳಿಯಂಗಿಲ್ಲ ನೋಡು, ತಂಗೆವ್ವ,” ಅಂದಳು. ನಾನು ಆಕೆಯ ಕೈ ಹಿಡಿದುಕೊಂಡೆ.

ಅದರ ಮುಂದಿನ ಹಬ್ಬಕ್ಕೆ ನಮ್ಮ ಓಣಿಯ ಆ ನಾಲ್ಕೂ ಮನೆಯವರು ಅದೇ ಪೇಟೆಯಿಂದ ಜೋಳ ತಂದರು. ಅದೇ ರಾಶಿಯದೋ, ಬೇರೆಯದೋ, ದೇವರೇ ಬಲ್ಲ. ಮಕ್ಕಳು ನಗುತ್ತಾ ಉಂಡವು. ವೈನಿ ಹಗೇವಿಗೆ ಕಲ್ಲು ಮಣ್ಣು ತುಂಬಿಸಿದಳು, ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟಳು. ನಮ್ಮೊಂದು ಮನೆಗಾಗಿ ಯಾರು ಬಿತ್ತುತ್ತಾರೆ? ಎಳ್ಳಮಾವಾಸ್ಯೆಗೆ ಹೋಗುವುದು ತಾನಾಗಿಯೇ ನಿಂತಿತು.

ಈಗ ನಮ್ಮ ಮನೆಗೂ ಹಿಟ್ಟು ಅಂಗಡಿಯಿಂದಲೇ ಬರುತ್ತದೆ, ಪಾಕೀಟಿನಲ್ಲಿ. ಒಳ್ಳೆಯ ಹಿಟ್ಟೇ, ದೂರುವಂತಿಲ್ಲ. ಆದರೂ ಪಾಕೀಟು ಕತ್ತರಿಸಿದ ಕೂಡಲೇ ನಾನು ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ಯಾವ ವಾಸನೆಯೂ ಬರುವುದಿಲ್ಲ. ಬರುತ್ತದೆಯೇ ಅಂತ ಕೇಳುವವರೂ ಇಲ್ಲ.